ಅಪ್ಪ ಅಥವಾ ಅಮ್ಮ ಒಬ್ಬರೇ ಮಗುವಿನ ಜೊತೆ ವಿದೇಶಕ್ಕೆ ಹೊರಟಾಗ

‘ಮಗು ಕರ್ಕೊಂಡು ನಾನೊಬ್ಬಳೇ ಹೋಗ್ತಿದ್ದೀನಿ, ಅವರಪ್ಪನ ಹತ್ರ ಲೆಟರ್ ಬರೆಸ್ಕೋಬೇಕಾ?’ ಹೀಗೆ ಕೇಳಿದವರಿಗೆ ಎರಡು ಬಗೆಯ ಉತ್ತರ ಸಿಗುತ್ತದೆ. ‘ಬೇಕೇ ಬೇಕು, ನೋಟರಿ ಸೀಲು ಇಲ್ಲದಿದ್ದರೆ ಏರ್‌ಪೋರ್ಟಿಂದಲೇ ವಾಪಸ್ ಕಳಿಸ್ತಾರೆ’ ಎನ್ನುವವರು ಕೆಲವರು. ‘ಎಷ್ಟೋ ಸಲ ಹೋಗಿಬಂದಿದ್ದೀನಿ, ಯಾರೂ ಏನೂ ಕೇಳಿಲ್ಲ’ ಎನ್ನುವವರು ಇನ್ನು ಕೆಲವರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ತೊಡಕಿರುವುದು ಪ್ರಶ್ನೆಯಲ್ಲೇ. ಒಪ್ಪಿಗೆ ಬೇರೆ, ಒಪ್ಪಿಗೆ ಪತ್ರ ಬೇರೆ. ಮಗುವನ್ನು ದೇಶದಾಚೆ ಕರೆದೊಯ್ಯಲು ಇನ್ನೊಬ್ಬ ಪೋಷಕರ ಒಪ್ಪಿಗೆ ಬೇಕೇ ಎಂಬುದನ್ನು ತೀರ್ಮಾನಿಸುವುದು ಮಗು ವಾಸವಿರುವ ದೇಶದ ಕೌಟುಂಬಿಕ ಕಾನೂನು. ಆ ಒಪ್ಪಿಗೆ ಇದೆ ಎಂದು ಕಾಗದದಲ್ಲಿ ತೋರಿಸಬೇಕೇ, ಯಾರಿಗೆ, ಯಾವ ರೂಪದಲ್ಲಿ ಎಂಬುದು ಗಡಿ ಕಾಯುವವರ ವಿಷಯ. ಮೊದಲನೆಯದನ್ನು ಮೀರಿದರೆ ಕೆಲವು ದೇಶಗಳಲ್ಲಿ ಜೈಲು. ಎರಡನೆಯದು ತಪ್ಪಿದರೆ ಹೆಚ್ಚಿನ ಕಡೆ ವಿಮಾನ ತಪ್ಪುತ್ತದೆ, ಅಷ್ಟೆ. ಜನ ತಲೆ ಕೆಡಿಸಿಕೊಳ್ಳುವುದು ಮಾತ್ರ ಎರಡನೆಯದರ ಬಗ್ಗೆಯೇ.

ಯಾರ ಒಪ್ಪಿಗೆ?

ಬ್ರಿಟನ್ನಿನ ನಿಯಮ ನೋಡಿದರೆ ವಿಷಯ ತಿಳಿಯಾಗುತ್ತದೆ. ಅಲ್ಲಿ ಮಗುವಿನ ಮೇಲೆ ‘ಪೇರೆಂಟಲ್ ರೆಸ್ಪಾನ್ಸಿಬಿಲಿಟಿ’, ಅಂದರೆ ಪೋಷಕರ ಕಾನೂನುಬದ್ಧ ಹೊಣೆ ಇರುವ ಎಲ್ಲರ ಒಪ್ಪಿಗೆಯೂ ಇಲ್ಲದೆ, ಅಥವಾ ಕೋರ್ಟಿನ ಅನುಮತಿ ಇಲ್ಲದೆ, ಮಗುವನ್ನು ದೇಶದಿಂದ ಹೊರಗೆ ಕರೆದೊಯ್ಯುವಂತಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 16 ತುಂಬದ ಮಗುವಿನ ವಿಷಯದಲ್ಲಿ ಇದನ್ನು ಮೀರುವುದು 1984ರ ಕಾಯ್ದೆಯ ಪ್ರಕಾರ ಮಕ್ಕಳ ಅಪಹರಣದ ಅಪರಾಧ. ಹೆತ್ತ ತಾಯಿಯೇ ಆಗಿರಲಿ, ತಂದೆಯೇ ಆಗಿರಲಿ.

ತಾಯಿಗೆ ಈ ಹೊಣೆ ಹುಟ್ಟಿನಿಂದಲೇ ಬರುತ್ತದೆ. ಮದುವೆಯಾದ ತಂದೆಗೂ ಹಾಗೆಯೇ. ಮದುವೆಯಾಗದ ತಂದೆಗೆ ಬರಬೇಕಾದರೆ 2003ರ ಡಿಸೆಂಬರ್ 1ರ ನಂತರದ ಜನನ ನೋಂದಣಿಯಲ್ಲಿ ತಾಯಿಯೊಂದಿಗೆ ಅವನ ಹೆಸರೂ ಇರಬೇಕು, ಇಲ್ಲವೇ ಒಪ್ಪಂದದಿಂದಲೋ ಕೋರ್ಟಿನಿಂದಲೋ ಪಡೆದಿರಬೇಕು. ಮಗು ತಮ್ಮೊಂದಿಗೆ ವಾಸಿಸಬೇಕೆಂಬ ಕೋರ್ಟ್ ಆದೇಶ ಪಡೆದವರಿಗೆ ಒಂದು ಸಡಿಲಿಕೆ ಇದೆ: ಆದೇಶದಲ್ಲಿ ಬೇರೆ ರೀತಿ ಹೇಳಿರದಿದ್ದರೆ ಇನ್ನೊಬ್ಬರನ್ನು ಕೇಳದೆ 28 ದಿನಗಳವರೆಗೆ ಮಗುವನ್ನು ವಿದೇಶಕ್ಕೆ ಕರೆದೊಯ್ಯಬಹುದು.

ಆಸ್ಟ್ರೇಲಿಯಾದಲ್ಲಿ ಗೆರೆ ಬೇರೆ ಕಡೆ ಎಳೆದಿದ್ದಾರೆ. ಮಗುವಿನ ಬಗ್ಗೆ ಕೋರ್ಟ್ ಆದೇಶ ಇದ್ದರೆ ಅಥವಾ ಮೊಕದ್ದಮೆ ನಡೆಯುತ್ತಿದ್ದರೆ, ಇನ್ನೊಬ್ಬರ ಲಿಖಿತ ಒಪ್ಪಿಗೆಯೋ ಕೋರ್ಟಿನ ಅನುಮತಿಯೋ ಇಲ್ಲದೆ ಮಗುವನ್ನು ದೇಶದಾಚೆ ಒಯ್ದವರಿಗೆ 3 ವರ್ಷದವರೆಗೆ ಜೈಲು. ಅಮೆರಿಕದಲ್ಲಿ 1993ರ ಒಕ್ಕೂಟ ಕಾಯ್ದೆಯ ಪ್ರಕಾರ, ಇನ್ನೊಬ್ಬ ಪೋಷಕರ ಹಕ್ಕಿಗೆ ಅಡ್ಡಿಯಾಗುವ ಉದ್ದೇಶದಿಂದ 16ರೊಳಗಿನ ಮಗುವನ್ನು ದೇಶದಿಂದ ಹೊರಗೊಯ್ದರೆ ಅಥವಾ ಹೊರಗೇ ಇಟ್ಟುಕೊಂಡರೆ ಇಷ್ಟೇ ಶಿಕ್ಷೆ.

ಹೀಗೆ ದೇಶದಿಂದ ದೇಶಕ್ಕೆ ವಿವರ ಬದಲಾದರೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಮಗು ಈಗ ವಾಸವಿರುವ ದೇಶದ ಕಾನೂನಿನಲ್ಲಿ ಅದರ ಮೇಲೆ ಯಾರಿಗೆಲ್ಲ ಹಕ್ಕಿದೆ? ‘ಮಗು ನನ್ನ ಜೊತೆಗೇ ಇದೆಯಲ್ಲ, ಡೈವೋರ್ಸ್ ಆಗಿದೆಯಲ್ಲ’ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಕಸ್ಟಡಿ ಒಬ್ಬರಿಗೆ ಕೊಟ್ಟ ತೀರ್ಪಿನಲ್ಲೇ ‘ಕೋರ್ಟಿನ ಅನುಮತಿ ಇಲ್ಲದೆ ಮಗುವನ್ನು ದೇಶದಿಂದ ಹೊರಗೆ ಕರೆದೊಯ್ಯತಕ್ಕದ್ದಲ್ಲ’ ಎಂಬ ಸಾಲು ಕೊನೆಯ ಪುಟದಲ್ಲೆಲ್ಲೋ ಇರಬಹುದು. ಟಿಕೆಟ್ ಬುಕ್ ಮಾಡುವ ಮೊದಲು ಆ ತೀರ್ಪನ್ನು ಕೊನೆಯ ಪುಟದವರೆಗೂ ಓದುವುದು ಒಳ್ಳೆಯದು. ಅಷ್ಟು ಸಣ್ಣ ಕೆಲಸವನ್ನು ಮಾಡದೆ ಹೊರಡುವವರು ಕಡಿಮೆಯೇನಲ್ಲ.

ಕಾನೂನು ಇಷ್ಟು ಬಿಗಿಯಾಗಿರಲು ಕಾರಣ

ಅನ್ಯೋನ್ಯವಾಗಿರುವ ದಂಪತಿಗೆ ಇದೆಲ್ಲ ಅತಿರೇಕ ಎನಿಸಬಹುದು. ಆದರೆ ದಾಂಪತ್ಯ ಮುರಿದಾಗ ಒಬ್ಬರು ರಜೆಯ ನೆಪದಲ್ಲಿ ಮಗುವನ್ನು ಬೇರೆ ದೇಶಕ್ಕೆ ಒಯ್ದು ಅಲ್ಲೇ ಉಳಿದುಬಿಡುವುದು ಎಷ್ಟು ಸಾಮಾನ್ಯವೆಂದರೆ, ಅದಕ್ಕೆಂದೇ ಒಂದು ಅಂತರರಾಷ್ಟ್ರೀಯ ಒಪ್ಪಂದ ಇದೆ. 1980ರ ಅಕ್ಟೋಬರ್ 25ರಂದು ರೂಪುಗೊಂಡು 1983ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಹೇಗ್ ಒಪ್ಪಂದವದು. ಇಂದು 100ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಜಪಾನ್ ಸೇರಿದ್ದು 2014ರಲ್ಲಿ. ಭಾರತ ಸೇರಿಲ್ಲ.

ಮಗು ಯಾರ ಬಳಿ ಬೆಳೆಯಬೇಕು ಎಂಬುದನ್ನು ಈ ಒಪ್ಪಂದ ತೀರ್ಮಾನಿಸುವುದಿಲ್ಲ. ಆ ತೀರ್ಮಾನವನ್ನು ಯಾವ ದೇಶದ ಕೋರ್ಟು ಮಾಡಬೇಕು ಎಂಬುದನ್ನಷ್ಟೇ ಹೇಳುತ್ತದೆ. 16 ತುಂಬದ ಮಗುವನ್ನು ಅದು ನಿತ್ಯ ವಾಸವಿದ್ದ ದೇಶದಿಂದ, ಇನ್ನೊಬ್ಬರ ಪಾಲನೆಯ ಹಕ್ಕಿಗೆ ವಿರುದ್ಧವಾಗಿ ಒಯ್ದಿದ್ದರೆ, ಮೊದಲು ವಾಪಸ್ ಕಳಿಸಿ, ಜಗಳವನ್ನು ಅಲ್ಲಿನ ಕೋರ್ಟಿನಲ್ಲಿ ಮುಂದುವರಿಸಿ ಎನ್ನುವುದು ಅದರ ಧೋರಣೆ. ಒಂದು ವರ್ಷದೊಳಗೆ ಅರ್ಜಿ ಬಂದರೆ ಕೂಡಲೇ ವಾಪಸಾತಿ. ವರ್ಷ ದಾಟಿದ್ದರೆ ಮಗು ಹೊಸ ಜಾಗಕ್ಕೆ ಹೊಂದಿಕೊಂಡಿದೆಯೇ ಎಂದೂ ನೋಡುತ್ತಾರೆ. ವಾಪಸ್ ಕಳಿಸಿದರೆ ಮಗುವಿಗೆ ದೈಹಿಕ ಅಥವಾ ಮಾನಸಿಕ ಹಾನಿಯ ಗಂಭೀರ ಅಪಾಯವಿದೆ ಎಂದು ಸಾಬೀತಾದರೆ ಕಳಿಸದಿರಲು ಅವಕಾಶವಿದೆ. ಹೊಡೆತ ಬಡಿತ ತಾಳಲಾರದೆ ಓಡಿಬಂದ ತಾಯಂದಿರು ಹಿಡಿದುಕೊಳ್ಳುವ ಎಳೆ ಇದು. ಆದರೆ ಕೋರ್ಟುಗಳು ಇದನ್ನು ತುಂಬ ಇಕ್ಕಟ್ಟಾಗಿಯೇ ಅರ್ಥೈಸುತ್ತ ಬಂದಿವೆ.

ಇಲ್ಲಿ ಒಯ್ಯುವುದು ಎಷ್ಟು ತಪ್ಪೋ, ಮರಳಿಸದೆ ಉಳಿಸಿಕೊಳ್ಳುವುದೂ ಅಷ್ಟೇ ತಪ್ಪು. ಮೂರು ವಾರದ ರಜೆಗೆಂದು ಒಪ್ಪಿಗೆ ಪಡೆದು ಹೋದವರು ಮೂರು ವಾರ ಕಳೆದ ಮೇಲೂ ಬಾರದಿದ್ದರೆ, ಹೊರಡುವಾಗ ಇದ್ದ ಒಪ್ಪಿಗೆ ಅವರನ್ನು ಕಾಯುವುದಿಲ್ಲ.

ಒಪ್ಪಂದಕ್ಕೆ ಸೇರದ ದೇಶಕ್ಕೆ ಹೊರಟವರಿಗೆ ಇನ್ನೊಂದು ಪರಿಣಾಮವಿದೆ. ಮಗು ಬಾರದಿದ್ದರೆ ಹೇಗ್ ದಾರಿಯಲ್ಲಿ ಕರೆಸಿಕೊಳ್ಳಲಾಗದು ಎಂದು ಇನ್ನೊಬ್ಬ ಪೋಷಕರು ಕೋರ್ಟಿನಲ್ಲಿ ಆಕ್ಷೇಪ ಎತ್ತಬಹುದು. ಆಗ ನ್ಯಾಯಾಧೀಶರು ದೊಡ್ಡ ಮೊತ್ತದ ಠೇವಣಿ ಇಡಿಸಬಹುದು, ಇಲ್ಲವೇ ಹೋಗುವ ದೇಶದ ಕೋರ್ಟಿನಲ್ಲೂ ಅದೇ ಷರತ್ತುಗಳ ಆದೇಶ ಪಡೆದು ಬನ್ನಿ ಎನ್ನಬಹುದು. ಇದಕ್ಕೆ ‘ಮಿರರ್ ಆರ್ಡರ್’ ಎನ್ನುತ್ತಾರೆ. ತವರಿನ ಮದುವೆಗೆ ಮಗುವನ್ನು ಕರೆದೊಯ್ಯಲು ಹೊರಟವರಿಗೆ ಇದು ಅವಮಾನದಂತೆ ಕಾಣುತ್ತದೆ, ನಿಜ. ಇನ್ನೊಂದು ಬದಿಯಲ್ಲಿ ಕೂತವರ ಭಯವೂ ಸುಳ್ಳಲ್ಲ.

ಯಾವ ದೇಶ ಎಲ್ಲಿ ತಡೆಯುತ್ತದೆ?

ಪ್ರಯಾಣದಲ್ಲಿ ಕಾಗದ ಕೇಳಬಹುದಾದ ಜಾಗಗಳು ಹಲವು: ವೀಸಾ ಕಚೇರಿ, ವಿಮಾನ ಕಂಪನಿಯ ಚೆಕ್‌ಇನ್ ಕೌಂಟರು, ಹೊರಡುವ ದೇಶದ ಇಮಿಗ್ರೇಷನ್, ನಡುವೆ ಇಳಿದು ಹತ್ತುವ ದೇಶ, ತಲುಪುವ ದೇಶ. ವಾಪಸಾಗುವಾಗ ಇವೇ ಮತ್ತೊಮ್ಮೆ. ‘ಯಾರೂ ಕೇಳಿಲ್ಲ’ ಎಂದವರ ದಾರಿಯಲ್ಲಿ ಕೇಳುವಂಥ ದೇಶವೇ ಬಂದಿರಲಿಕ್ಕಿಲ್ಲ.

ಹೊರಡುವಾಗಲೇ ಬಿಗಿಯಾಗಿ ತಡೆಯುವ ದೇಶ ಬ್ರೆಜಿಲ್. ಅಲ್ಲಿನ ಪ್ರಜೆಯಾದ ಮಗು ಒಬ್ಬ ಪೋಷಕರೊಂದಿಗೆ ಹೊರಟರೆ ಇನ್ನೊಬ್ಬರ ಲಿಖಿತ ಅನುಮತಿ ಬೇಕು, ಸಹಿ ದೃಢೀಕೃತವಾಗಿರಬೇಕು. ಇಲ್ಲದಿದ್ದರೆ ಫೆಡರಲ್ ಪೊಲೀಸರು ಗಡಿ ದಾಟಲು ಬಿಡುವುದಿಲ್ಲ. ಅನುಮತಿಯನ್ನು ಪಾಸ್‌ಪೋರ್ಟಿನಲ್ಲೇ ಮುದ್ರಿಸಿಕೊಳ್ಳುವ ಸೌಲಭ್ಯವೂ ಇದೆ, ವಿದೇಶದಲ್ಲಿ ವಾಸವಿರುವ ಮಕ್ಕಳಿಗೆ ದೂತಾವಾಸದಿಂದ ವಾಸ ದೃಢೀಕರಣ ಪಡೆಯುವ ದಾರಿಯೂ ಇದೆ. ಮಗುವಿಗೆ ಇನ್ನೊಂದು ದೇಶದ ಪಾಸ್‌ಪೋರ್ಟ್ ಇದ್ದ ಮಾತ್ರಕ್ಕೆ ಈ ನಿಯಮದಿಂದ ಬಿಡುಗಡೆ ಇಲ್ಲ. ಅರ್ಜೆಂಟೀನಾದಲ್ಲೂ ಅಲ್ಲಿ ನೆಲೆಸಿದ, 18 ತುಂಬದ ಮಕ್ಕಳಿಗೆ ಇಂಥದೇ ಕಟ್ಟು.

ಮೆಕ್ಸಿಕೋದಲ್ಲಾದರೋ ಮಗು ಒಂಟಿಯಾಗಿಯೋ ಬೇರೆಯವರೊಂದಿಗೋ ಹೊರಟರೆ ಮಾತ್ರ ಅನುಮತಿ ಪತ್ರದ ಮಾತು ಬರುತ್ತದೆ. ತಂದೆ ತಾಯಿಯಲ್ಲಿ ಒಬ್ಬರು ಜೊತೆಗಿದ್ದರೆ ಸಾಕು. ಫ್ರಾನ್ಸ್ ಕೂಡ 2017ರ ಜನವರಿಯಲ್ಲಿ ಮರಳಿ ಜಾರಿಗೆ ತಂದ ನಿರ್ಗಮನ ಅನುಮತಿ ಪತ್ರವನ್ನು ಒಬ್ಬ ಪೋಷಕರು ಜೊತೆಗಿರುವಾಗ ಕೇಳುವುದಿಲ್ಲ.

ದಕ್ಷಿಣ ಆಫ್ರಿಕಾದ ಕತೆ ಸ್ವಾರಸ್ಯದ್ದು. ಮಕ್ಕಳ ಸಾಗಾಟ ತಡೆಯಲೆಂದು 2015ರ ಜೂನ್‌ನಿಂದ ಅದು ಎಲ್ಲ ಮಕ್ಕಳಿಗೂ ಪೂರ್ಣ ವಿವರದ ಜನನ ಪ್ರಮಾಣಪತ್ರ ಮತ್ತು ಬಾರದ ಪೋಷಕರ ಅಫಿಡವಿಟ್ ಕಡ್ಡಾಯ ಮಾಡಿತು. ಕಾಗದವಿಲ್ಲದ ಕುಟುಂಬಗಳನ್ನು ವಿಮಾನ ಕಂಪನಿಗಳು ಹತ್ತಿಸಿಕೊಳ್ಳಲೇ ಇಲ್ಲ. ಪ್ರವಾಸೋದ್ಯಮದವರು ಗಲಾಟೆ ಎಬ್ಬಿಸಿದರು. ಕೊನೆಗೆ 2019ರ ನವೆಂಬರ್‌ನಲ್ಲಿ, ವೀಸಾ ಬೇಡದ ದೇಶಗಳಿಂದ ಪೋಷಕರೊಂದಿಗೆ ಬರುವ ವಿದೇಶಿ ಮಕ್ಕಳಿಗೆ ಇದನ್ನು ಸಡಿಲಿಸಿತು. ತನ್ನ ಪ್ರಜೆಗಳಾದ ಮಕ್ಕಳಿಗೆ ಸಡಿಲಿಸಲಿಲ್ಲ. ಅಂತರ್ಜಾಲದಲ್ಲಿ ಓದಿದ ನಿಯಮ ಯಾವ ಕಾಲದ್ದು, ಯಾವ ಪ್ರಜೆಗಳಿಗೆ ಅನ್ವಯಿಸುವುದು ಎಂದು ನೋಡದೆ ನಂಬಿದರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಅಮೆರಿಕ ಮತ್ತು ಕೆನಡಾ ಒಪ್ಪಿಗೆ ಪತ್ರವನ್ನು ಕಾನೂನಿನಿಂದ ಕಡ್ಡಾಯ ಮಾಡಿಲ್ಲ, ಆದರೆ ಒಯ್ಯಿರಿ ಎಂದು ಒತ್ತಿ ಹೇಳುತ್ತವೆ. ಕೆನಡಾ ಸರ್ಕಾರ ಮಾದರಿ ಪತ್ರವನ್ನೇ ಒದಗಿಸುತ್ತದೆ. ಅಮೆರಿಕದಿಂದ ಹೊರಡುವಾಗ ಪಾಸ್‌ಪೋರ್ಟಿಗೆ ಠಸ್ಸೆ ಒತ್ತುವ ಇಮಿಗ್ರೇಷನ್ ಕೌಂಟರೇ ಇಲ್ಲ. ಹಾಗಾಗಿ ಅಲ್ಲಿ ಹೊರಡುವಾಗ ಯಾರೂ ಕೇಳದಿರುವುದು ಒಪ್ಪಿಗೆ ಬೇಡ ಎಂಬುದಕ್ಕೆ ಸಾಕ್ಷಿಯಲ್ಲ. ಕೇಳುವ ಜನ ಅಲ್ಲಿ ಕೂತಿಲ್ಲ, ಅಷ್ಟೆ. ಅದೇ ದೇಶ ಮಗುವಿನ ಪಾಸ್‌ಪೋರ್ಟ್ ಮಾಡಿಸುವಾಗ ಬಿಗಿ: 16 ತುಂಬದ ಮಗುವಿನ ಅರ್ಜಿಗೆ ತಂದೆ ತಾಯಿ ಇಬ್ಬರೂ ಬರಬೇಕು, ಬರಲಾಗದವರು ನೋಟರಿ ಮಾಡಿಸಿದ ಒಪ್ಪಿಗೆ ಕಳಿಸಬೇಕು.

ಷೆಂಗೆನ್ ದೇಶಗಳ, ಅಂದರೆ ತಮ್ಮತಮ್ಮ ನಡುವೆ ಗಡಿ ತಪಾಸಣೆ ತೆಗೆದುಹಾಕಿರುವ ಯುರೋಪಿನ ದೇಶಗಳ, ಗಡಿ ನಿಯಮಾವಳಿಯಲ್ಲಿ ಮಕ್ಕಳ ಬಗ್ಗೆ ಪ್ರತ್ಯೇಕ ಭಾಗವೇ ಇದೆ. ಮಗುವಿನ ಜೊತೆ ಒಬ್ಬರೇ ದೊಡ್ಡವರಿದ್ದು, ಮಗುವನ್ನು ಕಾನೂನುಬದ್ಧ ಪೋಷಕರಿಂದ ತಪ್ಪಿಸಿ ತಂದಿರಬಹುದೆಂಬ ಬಲವಾದ ಅನುಮಾನ ಬಂದರೆ ಹೆಚ್ಚಿನ ತನಿಖೆ ಮಾಡಬೇಕೆಂದು ಅದು ಅಧಿಕಾರಿಗಳಿಗೆ ಹೇಳುತ್ತದೆ. ವೀಸಾ ಬೇಕಾದವರಿಗೆ ಈ ಪರೀಕ್ಷೆ ಮೊದಲೇ ಎದುರಾಗುತ್ತದೆ. ಒಬ್ಬರೇ ಜೊತೆಗೆ ಹೋಗುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರವನ್ನು ದೂತಾವಾಸಗಳು ಸಾಮಾನ್ಯವಾಗಿ ವೀಸಾ ಹಂತದಲ್ಲೇ ಕೇಳುತ್ತವೆ. ಅಲ್ಲಿ ಕೊಟ್ಟ ಪ್ರತಿ ಗಡಿಯಲ್ಲಿ ನಿಮ್ಮ ಕೈಗೆ ಬರುವುದಿಲ್ಲ. ಇನ್ನೊಂದು ಮೂಲಪ್ರತಿ ಇಟ್ಟುಕೊಂಡಿರಬೇಕು.

ಚೆಕ್‌ಇನ್ ಕೌಂಟರಿನವರಿಗೆ ಕಾನೂನು ಗೊತ್ತಿರಬೇಕಿಲ್ಲ. ಯಾವ ದೇಶಕ್ಕೆ ಯಾರು ಏನು ತೋರಿಸಬೇಕು ಎಂಬುದನ್ನು ಅವರು ‘ಟಿಮ್ಯಾಟಿಕ್’ ಎಂಬ ದತ್ತಾಂಶದಲ್ಲಿ ನೋಡಿ ಹೇಳುತ್ತಾರೆ. ಪ್ರವೇಶ ಸಿಗದ ಪ್ರಯಾಣಿಕರನ್ನು ಕರೆತಂದರೆ ವಾಪಸ್ ಒಯ್ಯುವ ಖರ್ಚೂ ದಂಡವೂ ಕಂಪನಿಯ ತಲೆಗೇ ಬರುವುದರಿಂದ, ಅನುಮಾನ ಬಂದರೆ ಅವರು ಹತ್ತಿಸುವುದಿಲ್ಲ.

ಪತ್ರ ಹೇಗಿರಬೇಕು?

ಹೆಚ್ಚಿನ ಕಡೆ ನಿಗದಿತ ನಮೂನೆ ಇಲ್ಲ. ನಮೂನೆ ಇರುವ ದೇಶವಾದರೆ ಅದನ್ನೇ ತುಂಬಬೇಕು. ಇಲ್ಲದಿದ್ದರೆ ಹೀಗೆ ಬರೆಯಬಹುದು:

‘ಸಂಬಂಧಪಟ್ಟವರಿಗೆ. …… ಸಂಖ್ಯೆಯ ಪಾಸ್‌ಪೋರ್ಟ್ ಹೊಂದಿರುವ …… ಆದ ನಾನು, …… ದಿನಾಂಕದಂದು …… ಊರಿನಲ್ಲಿ ಹುಟ್ಟಿದ, …… ಸಂಖ್ಯೆಯ ಪಾಸ್‌ಪೋರ್ಟ್ ಹೊಂದಿರುವ …… ಎಂಬ ಮಗುವಿನ ತಂದೆ. ಈ ಮಗು ತನ್ನ ತಾಯಿ …… (ಪಾಸ್‌ಪೋರ್ಟ್ ಸಂಖ್ಯೆ ……) ಅವರೊಂದಿಗೆ …… ದಿನಾಂಕದಿಂದ …… ದಿನಾಂಕದವರೆಗೆ …… ದೇಶಕ್ಕೆ, …… ಮಾರ್ಗವಾಗಿ ಹೋಗಿಬರಲು ನನ್ನ ಒಪ್ಪಿಗೆ ಇದೆ. ಅಲ್ಲಿ ಅವರು …… ವಿಳಾಸದಲ್ಲಿ ತಂಗುತ್ತಾರೆ. ಈ ಅವಧಿಯಲ್ಲಿ ಮಗುವಿಗೆ ತುರ್ತು ಚಿಕಿತ್ಸೆ ಬೇಕಾದರೆ ತೀರ್ಮಾನ ತೆಗೆದುಕೊಳ್ಳಲು ಆಕೆಗೆ ಅಧಿಕಾರವಿದೆ. ನನ್ನ ದೂರವಾಣಿ …… , ಇಮೇಲ್ …… .’

ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ‘ದಿನಾಂಕದವರೆಗೆ’ ಎಂಬ ಪದ. ‘ಯಾವಾಗ ಬೇಕಾದರೂ ಎಲ್ಲಿಗೆ ಬೇಕಾದರೂ ಕರೆದೊಯ್ಯಬಹುದು’ ಎಂದು ಬರೆಸಿಕೊಂಡರೆ ಅನುಕೂಲ ಎನಿಸುತ್ತದೆ, ಆದರೆ ಅಧಿಕಾರಿಗೆ ಅದು ಅನುಮಾನ ಹುಟ್ಟಿಸುತ್ತದೆ, ಕೊಟ್ಟವರಿಗೂ ಮುಂದೆ ತೊಂದರೆ ತರಬಹುದು. ‘ಮಾರ್ಗವಾಗಿ’ ಎಂಬುದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನಡುವೆ ಒಂದು ರಾತ್ರಿ ಹೊರಗೆ ತಂಗುವುದಾದರೆ ಆ ದೇಶವೂ ಪತ್ರದಲ್ಲಿ ಬರಬೇಕು. ಫೋನ್ ನಂಬರು ಅಲಂಕಾರಕ್ಕಲ್ಲ. ಅಧಿಕಾರಿ ನಿಜವಾಗಿಯೂ ಕರೆ ಮಾಡಬಹುದು, ಆಗ ಆ ಕಡೆ ನಡುರಾತ್ರಿ ಇರಬಹುದು, ಫೋನ್ ಎತ್ತುವಂತಿರಬೇಕು.

ಪತ್ರ ತಲುಪುವ ದೇಶದ ಭಾಷೆಯಲ್ಲಿರಬೇಕು, ಕನಿಷ್ಠ ಇಂಗ್ಲಿಷಿನಲ್ಲಿ. ಸಹಿಯನ್ನು ನೋಟರಿಯ ಎದುರಿಗೆ ಹಾಕುವುದು ವಾಸಿ. ನೋಟರಿ ಸಾಕೇ, ಅಪೋಸ್ಟಿಲ್ ಬೇಕೇ? ಪ್ರವಾಸಕ್ಕೆ ಹೋಗಿಬರುವವರಿಗೆ ಸಾಮಾನ್ಯವಾಗಿ ನೋಟರಿ ಸಾಕು. ಕಾಗದವನ್ನು ಕಡ್ಡಾಯ ಮಾಡಿರುವ ದೇಶಗಳಲ್ಲಿ, ಕೋರ್ಟ್ ಕಚೇರಿಗಳಲ್ಲಿ ಅಪೋಸ್ಟಿಲ್ ಕೇಳಬಹುದು. ಅದು 1961ರ ಒಪ್ಪಂದದ ಪ್ರಕಾರ ಸರ್ಕಾರವೊಂದು ಅಂಟಿಸುವ ದೃಢೀಕರಣ. ‘ಈ ಸಹಿ, ಈ ಮೊಹರು ಅಸಲಿ’ ಎಂದಷ್ಟೇ ಅದು ಹೇಳುತ್ತದೆ. ಒಳಗೆ ಬರೆದದ್ದು ನಿಜ ಎಂದು ಹೇಳುವುದಿಲ್ಲ.

ಪತ್ರದ ಜೊತೆ ಸಹಿ ಹಾಕಿದವರ ಪಾಸ್‌ಪೋರ್ಟಿನ ನಕಲು, ತಂದೆ ತಾಯಿ ಇಬ್ಬರ ಹೆಸರೂ ಇರುವ ಜನನ ಪ್ರಮಾಣಪತ್ರ ಇರಲಿ. ಮಗುವಿನ ಕೊನೆಯ ಹೆಸರೂ ನಿಮ್ಮದೂ ಬೇರೆಯಾಗಿದ್ದರೆ ಈ ಪ್ರಮಾಣಪತ್ರ ಪತ್ರಕ್ಕಿಂತಲೂ ಮುಖ್ಯ. ಮದುವೆಯ ಮೊದಲಿನ ಹೆಸರನ್ನೇ ಉಳಿಸಿಕೊಂಡ ತಾಯಂದಿರು ಕೌಂಟರಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಇದೇ ಕಾರಣಕ್ಕೆ. ಇಬ್ಬರನ್ನೂ ಬೆಸೆಯುವ ದಾಖಲೆ ಪಾಸ್‌ಪೋರ್ಟಿನಲ್ಲಿ ಎಲ್ಲೂ ಇಲ್ಲದಿರಬಹುದು. ಹೆಸರು ಬದಲಾಗಿದ್ದರೆ ಮದುವೆಯ ಅಥವಾ ವಿಚ್ಛೇದನದ ಪತ್ರ ಸೇರಿಸಿ. ಎಲ್ಲವೂ ಕೈಚೀಲದಲ್ಲಿರಲಿ. ಚೆಕ್‌ಇನ್ ಸೂಟ್‌ಕೇಸಿನಲ್ಲಿಟ್ಟರೆ ಇಮಿಗ್ರೇಷನ್ ದಾಟಿದ ಮೇಲಷ್ಟೇ ಸಿಗುತ್ತದೆ.

ಪತ್ರ ಕೊಡುವವರೇ ಇಲ್ಲದಾಗ

ಇನ್ನೊಬ್ಬರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ. ಜನನ ಪ್ರಮಾಣಪತ್ರದಲ್ಲಿ ಒಬ್ಬರ ಹೆಸರೇ ಇದ್ದರೆ ಆ ಪ್ರಮಾಣಪತ್ರವೇ ಉತ್ತರ. ದತ್ತು ತೆಗೆದುಕೊಂಡಿದ್ದರೆ ದತ್ತಕ ಆದೇಶ. ಪೂರ್ಣ ಕಸ್ಟಡಿ ಇದ್ದರೆ ತೀರ್ಪಿನ ದೃಢೀಕೃತ ನಕಲು, ವಿದೇಶ ಪ್ರಯಾಣದ ಬಗ್ಗೆ ಹೇಳಿರುವ ಪುಟಕ್ಕೆ ಗುರುತಿಗೊಂದು ಚೀಟಿ ಅಂಟಿಸಿ. ಕೌಂಟರಿನಲ್ಲಿ ಕೂತ ಅಧಿಕಾರಿ ನಲವತ್ತು ಪುಟ ಓದುವುದಿಲ್ಲ.

ಕಷ್ಟವಿರುವುದು ಇನ್ನೊಬ್ಬರು ಎಲ್ಲಿದ್ದಾರೋ ಗೊತ್ತಿಲ್ಲದಾಗ, ಅಥವಾ ಗೊತ್ತಿದ್ದೂ ‘ಕೊಡೋದಿಲ್ಲ’ ಎಂದಾಗ. ಇಲ್ಲಿ ಅಡ್ಡದಾರಿಗಳಿಲ್ಲ. ಪ್ರಯಾಣಕ್ಕೆ ಅನುಮತಿ ಕೋರಿ ಕೋರ್ಟಿಗೆ ಹೋಗಬೇಕು. ಎಲ್ಲಿಗೆ, ಎಷ್ಟು ದಿನ, ಏಕೆ, ವಾಪಸ್ ಬರುತ್ತೀರೆಂಬುದಕ್ಕೆ ಆಧಾರವೇನು ಎಂದು ನ್ಯಾಯಾಧೀಶರು ಕೇಳುತ್ತಾರೆ. ವಾಪಸ್ ಟಿಕೆಟ್, ಮಗುವಿನ ಶಾಲೆಯ ದಾಖಲಾತಿ, ನಿಮ್ಮ ಕೆಲಸದ ರಜೆ ಪತ್ರ ಇಲ್ಲಿ ಕೆಲಸಕ್ಕೆ ಬರುತ್ತವೆ. ಹೊರಡಲು ನಾಲ್ಕು ದಿನ ಇರುವಾಗ ಹೋದರೆ ತಾರೀಖು ಸಿಗುವುದೇ ಕಷ್ಟ. ಒಪ್ಪಿಗೆ ಸಿಗುವುದು ಅನುಮಾನ ಎಂದಾದರೆ ಟಿಕೆಟ್‌ಗಿಂತ ಮೊದಲು ವಕೀಲರು.

ಒಪ್ಪಿಗೆ ಕೊಡಲೊಲ್ಲದೆ ಹೆದರಿ ಕೂತ ಪೋಷಕರಿಗೂ ಕಾನೂನಿನಲ್ಲಿ ದಾರಿಗಳಿವೆ. ಆಸ್ಟ್ರೇಲಿಯಾದಲ್ಲಿ ಮಗುವಿನ ಹೆಸರನ್ನು ಫೆಡರಲ್ ಪೊಲೀಸರ ಕಾವಲು ಪಟ್ಟಿಗೆ ಸೇರಿಸಬಹುದು. ಫ್ರಾನ್ಸ್‌ನಲ್ಲಿ ತುರ್ತಾಗಿ 15 ದಿನಗಳ ನಿರ್ಗಮನ ತಡೆ ಪಡೆದು, ಅಷ್ಟರಲ್ಲಿ ಕೋರ್ಟಿಗೆ ಹೋಗಬಹುದು. ಅಮೆರಿಕದಲ್ಲಿ ಮಗುವಿನ ಹೆಸರಿನಲ್ಲಿ ಪಾಸ್‌ಪೋರ್ಟ್ ಅರ್ಜಿ ಬಂದರೆ ತಿಳಿಸುವ ವ್ಯವಸ್ಥೆಗೆ ಹೆಸರು ಕೊಡಬಹುದು. ಆದರೆ ಎರಡು ದೇಶಗಳ ಪೌರತ್ವ ಇರುವ ಮಗುವಿಗೆ ಇನ್ನೊಂದು ದೇಶ ಪಾಸ್‌ಪೋರ್ಟ್ ಕೊಡುವುದನ್ನು ಈ ವ್ಯವಸ್ಥೆ ತಡೆಯಲಾರದು.

ಕೌಂಟರಿನ ಮುಂದೆ

ಅಧಿಕಾರಿಗಳು ಕಾಗದ ನೋಡುವ ಮೊದಲು ಮಗುವನ್ನು ನೋಡುತ್ತಾರೆ. ‘ಇವರು ಯಾರು? ಎಲ್ಲಿಗೆ ಹೋಗ್ತಿದ್ದೀಯ? ಅಪ್ಪ ಎಲ್ಲಿದ್ದಾರೆ?’ ಎಂದು ಮಾತು ಬರುವ ಮಗುವನ್ನೇ ನೇರವಾಗಿ ಕೇಳುತ್ತಾರೆ. ಮಗು ಉತ್ತರಿಸುವಾಗ ನೀವು ಬಾಯಿ ಹಾಕಬಾರದು. ಉರು ಹೊಡೆಸುವುದಂತೂ ಬೇಡವೇ ಬೇಡ, ಪಾಠ ಒಪ್ಪಿಸುವ ಮಗುವನ್ನು ಅವರು ಒಂದೇ ಮಾತಿನಲ್ಲಿ ಗುರುತಿಸುತ್ತಾರೆ. ನಾಳೆ ಎಲ್ಲಿಗೆ ಹೋಗುತ್ತೇವೆ, ಯಾವಾಗ ಬರುತ್ತೇವೆ, ಅಪ್ಪ ಏಕೆ ಬರುತ್ತಿಲ್ಲ ಎಂದು ಮನೆಯಲ್ಲಿ ಸಹಜವಾಗಿ ಹೇಳಿಟ್ಟರೆ ಸಾಕು. ಹದಿಹರೆಯದವರಿಗೆ ಮಾತ್ರ ಒಂದು ಎಚ್ಚರಿಕೆ ಬೇಕು: ‘ಇವರು ನನ್ನನ್ನು ಕಿಡ್ನ್ಯಾಪ್ ಮಾಡ್ತಿದ್ದಾರೆ’ ಎಂಬ ತಮಾಷೆ ಅಲ್ಲಿ ನಡೆಯುವುದಿಲ್ಲ.

ಕಾಗದಗಳನ್ನು ಕೇಳಿದ ಮೇಲೆ ಕೊಡಿ. ಕೇಳದಿದ್ದರೆ ಚೀಲದಲ್ಲೇ ಇರಲಿ. ಪ್ರಯಾಣದ ನಡುವೆ ಯೋಜನೆ ಬದಲಾಗಿ, ಅಜ್ಜಿಗೆ ಹುಷಾರಿಲ್ಲವೆಂದೋ ವಿಮಾನ ರದ್ದಾಯಿತೆಂದೋ ಹೆಚ್ಚು ದಿನ ಉಳಿಯಬೇಕಾಗಿ ಬಂದರೆ, ಹಳೆಯ ಪತ್ರದ ದಿನಾಂಕ ಮುಗಿಯುವ ಮೊದಲೇ ಹೊಸ ತಾರೀಖಿಗೆ ಇನ್ನೊಬ್ಬರ ಒಪ್ಪಿಗೆಯನ್ನು ಇಮೇಲಿನಲ್ಲೋ ವಾಟ್ಸಾಪಿನಲ್ಲೋ ಬರಹದಲ್ಲಿ ಪಡೆಯಿರಿ. ಫೋನಿನಲ್ಲಿ ‘ಆಯ್ತು ಇರಿ’ ಎಂದದ್ದನ್ನು ಆರು ತಿಂಗಳ ನಂತರ ಕೋರ್ಟಿನಲ್ಲಿ ತೋರಿಸಲು ಬರುವುದಿಲ್ಲ.